ಇಪ್ಪತ್ತಾರು ಕರಟದ ಕಂಪ್ಯೂಟರ್

ತಿಪಟೂರಿನ ಕಂಪ್ಯೂಟರ್ ಹವ್ಯಾಸಿಗಳ ಸಂಘಕ್ಕೆ ಒಬ್ಬ ಅಧ್ಯಕ್ಷ, ಒಬ್ಬ ಕಾರ್ಯದರ್ಶಿ, ಒಬ್ಬ ಖಜಾಂಚಿ ಇದ್ದರು. ಸಭೆಯ ನಡವಳಿ ಬರೆದಿಡಲು ರಟ್ಟಿನ ಪುಸ್ತಕ ಇತ್ತು, ಬೆಂಗಳೂರಿನಲ್ಲಿ ಮಾಡಿಸಿ ತಂದ ರಬ್ಬರ್ ಸ್ಟಾಂಪೂ ಇತ್ತು. ಇಲ್ಲದಿದ್ದದ್ದು ಕಂಪ್ಯೂಟರ್ ಒಂದೇ. ಸಾವಿರದ ಒಂಬೈನೂರ ಎಂಬತ್ತಾರನೇ ಇಸವಿಯಲ್ಲಿ ಅದೊಂದು ಕೊರತೆಯೆಂದು ಸಂಘದ ಮೂವರು ಸದಸ್ಯರಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಸಂಘ ಹುಟ್ಟಿದ್ದು ಹುಚ್ಚರಂಗಯ್ಯನ ರೇಡಿಯೋ ರಿಪೇರಿ ಅಂಗಡಿಯಲ್ಲಿ. ಬೆಂಗಳೂರಿನಿಂದ ತರಿಸಿದ ಸ್ಪೀಕರಿಗೆ ಸುತ್ತಿದ್ದ ಇಂಗ್ಲಿಷ್ ಪತ್ರಿಕೆಯ ಹಾಳೆಯೊಂದರಲ್ಲಿ ಹನ್ನೊಂದು ಸಾಲಿನ ಪ್ರೋಗ್ರಾಂ ಅಚ್ಚಾಗಿತ್ತು. ಕೊಟ್ಟ ಸಂಖ್ಯೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದೆಂದು ಹುಡುಕುವ ಪ್ರೋಗ್ರಾಂ ಅದು. ಮಿಡ್ಲ್ ಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದ ಬೆಟ್ಟಸ್ವಾಮಿ ಅದನ್ನು ಓದಿ ಅರ್ಥ ಹೇಳಿದ. ಅದನ್ನು ನಡೆಸಿ ನೋಡಲು ಯಂತ್ರ ಇಲ್ಲದ್ದರಿಂದ ವಾರಕ್ಕೊಬ್ಬರಂತೆ ತಾವೇ ಕಂಪ್ಯೂಟರ್ ಆಗುವುದೆಂದು ತೀರ್ಮಾನವಾಯಿತು. ಕಂಪ್ಯೂಟರಿಗೆ ಸಂಖ್ಯೆ ಇಟ್ಟುಕೊಳ್ಳಲು ಎ ಇಂದ ಝಡ್‌ವರೆಗೆ ಇಪ್ಪತ್ತಾರು ಗೂಡು ಬೇಕು. ತಿಪಟೂರಿನಲ್ಲಿ ಅದಕ್ಕೇನು ಬರ? ಇಪ್ಪತ್ತಾರು ತೆಂಗಿನ ಕರಟ ಕೆರೆದು ಒರೆಸಿ, ಒಂದೊಂದರ ಮೇಲೆ ಬಿಳಿ ಬಣ್ಣದಲ್ಲಿ ಒಂದೊಂದು ಅಕ್ಷರ ಬರೆದು ಸಾಲಾಗಿ ಜೋಡಿಸಿದರು. ಚೀಟಿಯಲ್ಲಿ ಸಂಖ್ಯೆ ಬರೆದು ಕರಟಕ್ಕೆ ಹಾಕುವುದು, ತೆಗೆಯುವುದು, ಪ್ರೋಗ್ರಾಮಿನ ಸಾಲು ಹೇಳಿದಷ್ಟನ್ನೇ ಮಾಡುವುದು. ಕಂಪ್ಯೂಟರ್ ಆದವನು ಸ್ವಂತ ಬುದ್ಧಿ ಉಪಯೋಗಿಸಕೂಡದೆಂಬುದು ಸಂಘದ ಮೊದಲ ನಿಯಮ. ಬೆಟ್ಟಸ್ವಾಮಿ ಈ ನಿಯಮವನ್ನು ಎಷ್ಟು ನಿಷ್ಠೆಯಿಂದ ಪಾಲಿಸುತ್ತಿದ್ದನೆಂದರೆ, ಒಮ್ಮೆ ಪ್ರೋಗ್ರಾಮಿನಲ್ಲಿ ‘ನಿಲ್ಲು’ ಎಂಬ ಸಾಲು ಬರೆಯುವುದು ಮರೆತುಹೋಗಿ, ಸಂಜೆ ಅವನ ಹೆಂಡತಿ ಬಂದು ಎಬ್ಬಿಸುವ ತನಕ ಅವನು ಅದೇ ಎರಡು ಕರಟದ ನಡುವೆ ಚೀಟಿ ಎತ್ತಿಹಾಕುತ್ತಾ ಕೂತಿದ್ದ.

ಸಂಘದ ಅಧ್ಯಕ್ಷ ನಮ್ಮ ಹಾಲಸ್ವಾಮಿ. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಯಾವ ಇಲಾಖೆ ಎಂದು ನಾನು ಹೇಳುವುದಿಲ್ಲ. ಆ ಇಲಾಖೆಯವರಿಗೆ ಸಿಟ್ಟು ಬೇಗ ಬರುತ್ತದೆ. ಹಾಲಸ್ವಾಮಿಗೆ ಕುಡಿತ, ಇಸ್ಪೀಟು, ನಶ್ಯ ಯಾವ ಚಟವೂ ಇರಲಿಲ್ಲ. ಇದ್ದದ್ದು ಒಂದೇ ದೋಷ: ಎದುರಿಗೆ ನಿಂತು ಕೇಳಿದವರಿಗೆ ‘ಇಲ್ಲ’ ಎಂದು ಹೇಳಲು ಅವನಿಂದ ಆಗುತ್ತಿರಲಿಲ್ಲ. ಸಂಘಕ್ಕೆ ಒಂದು ವರ್ಷ ತುಂಬಿದ ಸಂತೋಷಕ್ಕೆ ಭಾನುವಾರ ಪಾರ್ಕಿನಲ್ಲಿ ವನಭೋಜನ ಇಟ್ಟುಕೊಂಡಾಗ, ಹೋಟೆಲಿನ ಮುಂದಿನ ಬೋರ್ಡಿನಲ್ಲಿ ಬಣ್ಣದ ಸೀಮೆಸುಣ್ಣದಿಂದ ಪ್ರಕಟಣೆ ಬರೆದವನೂ ಅವನೇ. ಬರೆದು ಮುಗಿಸಿ ದೂರ ನಿಂತು ನೋಡಿದರೆ ಕೆಳಗೆ ಬೋಳು ಬೋಳಾಗಿ ಕಂಡಿತು. ‘ಸಾರ್ವಜನಿಕರಿಗೆ ಆದರದ ಸ್ವಾಗತ’ ಎಂದು ಸೇರಿಸಿದ. ಆ ಸಾಲಿಲ್ಲದಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಕಚೇರಿಯ ಸಾಹೇಬರಾದ ತೋಂಟದಾರ್ಯರು ಅದೇ ಹೋಟೆಲಿನಲ್ಲಿ ಕಾಫಿ ಕುಡಿದರು. ಹನ್ನೊಂದು ಗಂಟೆಗೆ ಹಾಲಸ್ವಾಮಿಗೆ ಕರೆ ಬಂತು.

“ಬನ್ನಿ ಹಾಲಸ್ವಾಮಿಯವರೇ. ನಿಮ್ಮ ಸಂಘದಲ್ಲಿ ಕಂಪ್ಯೂಟರ್ ಇಟ್ಟಿದೀರಂತೆ?”

ಹಾಲಸ್ವಾಮಿಯ ಬಾಯಿ ‘ಇಲ್ಲ’ ಎನ್ನಲೆಂದೇ ತೆರೆಯಿತು. “ಚಿಕ್ಕದು ಸರ್” ಎಂದಿತು.

“ಎಷ್ಟು ಚಿಕ್ಕದು?”

“ಇಪ್ಪತ್ತಾರು ಸರ್.”

“ಇಪ್ಪತ್ತಾರು ಏನು?”

“ಮೆಮೊರಿ ಸರ್.”

ಸಾಹೇಬರು ಅರ್ಥವಾದವರಂತೆ ತಲೆಯಾಡಿಸಿದರು. ಅವರಿಗೆ ಬೇಕಾಗಿದ್ದದ್ದು ಬೇರೆ. ಪಾವಗಡದ ಕಚೇರಿಯಲ್ಲಿ ಒಂದು ಜಾಗ ಖಾಲಿಯಾಗಿತ್ತು. ಇಲ್ಲಿಂದ ಒಬ್ಬ ಗುಮಾಸ್ತನನ್ನು ಕಳಿಸಬೇಕೆಂದು ಮೇಲಿನಿಂದ ಕಾಗದ ಬಂದು ಒಂದು ತಿಂಗಳಾಗಿತ್ತು. “ನಾಲ್ಕು ಹೆಸರು ಇಟ್ಕೊಂಡು ಕೂತಿದೀನಿ ಕಣ್ರೀ. ಒಬ್ಬನ ಹೆಸರು ಬರೆದ್ರೆ ಯಾರೋ ದೊಡ್ಡವರ ಫೋನು, ಇನ್ನೊಬ್ಬನ ಹೆಸರು ಬರೆದ್ರೆ ಅವನ ಹೆಂಡತಿ ನಮ್ಮನೆಯವಳ ಹತ್ರ ಬಂದು ಅಳೋದು. ಯಾರನ್ನ ಕಳಿಸಿದ್ರೂ ನನ್ನನ್ನ ಬೈತಾರೆ. ಅದೇ ಕಂಪ್ಯೂಟರ್ ಹೇಳ್ತು ಅಂದ್ರೆ? ಯಾರು ಯಾರನ್ನ ಬೈಯೋದು? ಭಾನುವಾರ ಪಟ್ಟಿ ತಗೊಂಡು ಪಾರ್ಕಿಗೆ ಬರ್ತೀನಿ.”

“ಆ ನಾಲ್ಕು ಜನ ಯಾರು ಯಾರು ಸರ್?” ಎಂದು ಹಾಲಸ್ವಾಮಿ ಕೇಳಿದ.

“ಶಿವಣ್ಣ, ಚಿಕ್ಕಣ್ಣ, ಲಕ್ಷ್ಮಯ್ಯ. ಆಮೇಲೆ ನೀವು.”

ಅವತ್ತು ಮಧ್ಯಾಹ್ನ ಹಾಲಸ್ವಾಮಿ ಊಟದ ಡಬ್ಬಿ ಬಿಚ್ಚಲಿಲ್ಲ. ಹಿಂದೆ ಆರು ವರ್ಷ ಅವನು ಪಾವಗಡದಲ್ಲೇ ಇದ್ದವನು. ಹೆಂಡತಿ ಪುಟ್ಟಗಂಗಮ್ಮ ತಿಪಟೂರಿನ ಪ್ರೈಮರಿ ಸ್ಕೂಲಿನಲ್ಲಿ ಮೇಡಂ. ಮದುವೆಯಾದಾಗಿನಿಂದ ಆರು ವರ್ಷ ಇಬ್ಬರೂ ಎರಡು ಊರಲ್ಲಿ ಒಲೆ ಹಚ್ಚಿ, ವಾರಕ್ಕೊಂದು ದಿನ ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು. ಒಂದೇ ಸೂರಿನಡಿ ಬಂದು ಈಗ ಒಂದೂವರೆ ವರ್ಷ. ಹೆಂಡತಿ ಬೆಳಿಗ್ಗೆ ಎದ್ದು ಕೊಡಪಾನ ಇಡುವ ಸದ್ದು ಕೇಳಿಸಿಕೊಂಡು ಇನ್ನೊಂದು ಗಳಿಗೆ ಹೊದ್ದು ಮಲಗುವುದಕ್ಕಿಂತ ದೊಡ್ಡ ಸುಖ ಅವನಿಗೆ ಗೊತ್ತಿರಲಿಲ್ಲ.

“‘ಇಲ್ಲ’ ಅನ್ನೋಕೆ ನಿಮಗೇನು ಧಾಡಿ ರೀ?” ಎಂದಳು ಪುಟ್ಟಗಂಗಮ್ಮ, ಸಂಜೆ ವಿಷಯ ಕೇಳಿ.

“ಬಾಯಿ ತನಕ ಬಂದಿತ್ತು ಕಣೇ.”

“ಬಾಯಿಂದ ಈಚೆ ಬರ್ಬೇಕಾಗಿತ್ತು. ಆರು ವರ್ಷ ನೀವಲ್ಲಿ, ನಾನಿಲ್ಲಿ. ಜ್ವರ ಬಂದ್ರೆ ಕಾಗದ ಬರೀತಿದ್ರಿ. ಅದು ನನ್ನ ಕೈ ಸೇರೋ ಹೊತ್ತಿಗೆ ಜ್ವರ ಬಿಟ್ಟು ಕೆಮ್ಮು ಹಿಡ್ಕೊಂಡಿರ್ತಿತ್ತು. ಇನ್ನೊಂದು ಸಲ ನನ್ನ ಕೈಲಿ ಆಗಲ್ಲ ಕಣ್ರೀ.” ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದಳು. ಹಾಲಸ್ವಾಮಿ ರಾತ್ರಿ ತಟ್ಟೆಯ ಮುಂದೆ ಕೂತು, ಎರಡು ತುತ್ತು ಕಲಸಿ ಎದ್ದ. ಭಾನುವಾರದ ತನಕ ಹೀಗೇ ನಡೆಯಿತು.

ಶನಿವಾರ ರೇಡಿಯೋ ಅಂಗಡಿಯಲ್ಲಿ ತುರ್ತುಸಭೆ ಸೇರಿತು. ಪಾರ್ಕಿನ ನಡುವೆ ಒಂದು ರೇಡಿಯೋ ಕೋಣೆ ಇತ್ತು. ಹಿಂದೆ ಸಂಜೆ ಹೊತ್ತು ಅಲ್ಲಿಂದ ಊರಿಗೆಲ್ಲ ವಾರ್ತೆ ಕೇಳಿಸುತ್ತಿದ್ದರು. ರೇಡಿಯೋ ಕೆಟ್ಟು ಎರಡು ವರ್ಷವಾಗಿ, ಈಗ ಅದರೊಳಗೆ ಮಾಲಿ ದುರ್ಗಯ್ಯನ ಗುದ್ದಲಿ, ಪೊರಕೆ ವಾಸವಾಗಿದ್ದವು. ಗುದ್ದಲಿ ಹೊರಗಿಟ್ಟು ಕರಟ ಒಳಗಿಟ್ಟು ಬಾಗಿಲು ಹಾಕಿಕೊಂಡರೆ, ತಂತಿ ಹೋಗಲು ಬಿಟ್ಟಿದ್ದ ಕಂಡಿಯಲ್ಲಿ ಚೀಟಿ ಕೊಟ್ಟು ತೆಗೆದುಕೊಳ್ಳಬಹುದೆಂದು ಹುಚ್ಚರಂಗಯ್ಯ ಉಪಾಯ ಹೇಳಿದ. ಆ ವಾರ ಕಂಪ್ಯೂಟರ್ ಆಗುವ ಸರದಿ ಬೆಟ್ಟಸ್ವಾಮಿಯದು.

“ಲೇ ಬೆಟ್ಟ, ನನ್ನ ಹೆಸರು ಒಂದು ಬರದಂಗೆ ನೋಡ್ಕೊಳ್ಳೋ” ಎಂದು ಹಾಲಸ್ವಾಮಿ ಅವನ ಕೈ ಹಿಡಿದುಕೊಂಡ.

“ಪ್ರೋಗ್ರಾಮಿನಾಗೆ ಹಂಗೆ ಬರ್ಕೊಡು, ಬರಲ್ಲ.”

“ನಾವಿಬ್ರೂ ಒಂದೇ ಬೆಂಚಲ್ಲಿ ಕೂತು ಓದಿದೋರು ಕಣ್ಲಾ!”

“ಹೊರಗಿದ್ದಾಗ ನೀನು ನನ್ನ ಸ್ನೇಹಿತ. ಕರಟದ ಮುಂದೆ ಕೂತ್ಮೇಲೆ ನನಗೆ ಯಾರೂ ಸ್ನೇಹಿತ್ರಿಲ್ಲ, ನೆಂಟ್ರೂ ಇಲ್ಲ. ಸಾಲಿನಾಗೆ ಏನದೆ, ಅಷ್ಟೆ.”

ಇಂಥ ಪ್ರಾಮಾಣಿಕನನ್ನು ಸಂಘಕ್ಕೆ ಸೇರಿಸಿಕೊಂಡಿದ್ದಕ್ಕೆ ಹಾಲಸ್ವಾಮಿ ಮನಸ್ಸಿನಲ್ಲೇ ತನ್ನನ್ನು ಬೈದುಕೊಂಡ.

ಭಾನುವಾರ ಒಂಬತ್ತು ಗಂಟೆಗೆ ಪುಟ್ಟಗಂಗಮ್ಮ ಕಾಯೊಬ್ಬಟ್ಟಿನ ಡಬ್ಬಿ, ಚಿತ್ರಾನ್ನದ ಪಾತ್ರೆ ಹೊರಿಸಿಕೊಂಡು ಪಾರ್ಕಿಗೆ ಬಂದಾಗ ಅಲ್ಲಿ ಇನ್ನೂರು ಜನ ಸೇರಿದ್ದರು. ಆದರದ ಸ್ವಾಗತವನ್ನು ಸಾರ್ವಜನಿಕರು ಅಷ್ಟೇ ಆದರದಿಂದ ಸ್ವೀಕರಿಸಿದ್ದರು. ತುರುವೇಕೆರೆಯ ಮೊದಲನೇ ಬಸ್ಸಿಗೆ ಬಂದವರೂ ಇದ್ದರು. ಬೆಟ್ಟಸ್ವಾಮಿ ಎಂಟು ಗಂಟೆಗೇ ಒಳಗೆ ಸೇರಿಕೊಂಡಿದ್ದ. ಕಂಪ್ಯೂಟರ್ ಇರುವ ಜಾಗದಲ್ಲಿ ಚಪ್ಪಲಿ ಹಾಕಬಾರದೆಂದು ಹಾಲಸ್ವಾಮಿ ಎಲ್ಲೋ ಓದಿದ್ದ. ಅದನ್ನೇ ಘೋಷಿಸಿದ. ಜನ ತಕ್ಷಣ ಹತ್ತು ಮಾರು ದೂರದಲ್ಲಿ ಚಪ್ಪಲಿ ಬಿಟ್ಟು ಬಂದರು. ಚಪ್ಪಲಿ ಬಿಡಿಸಿದ ಮೇಲೆ ಕೈ ಮುಗಿಯಬೇಡಿ ಎಂದರೆ ಯಾರು ಕೇಳುತ್ತಾರೆ? ಹುಚ್ಚಕ್ಕ ಎಂಬ ಮುದುಕಿ ಹೊಸ್ತಿಲ ಮೇಲೆ ಎರಡು ಕಣಗಿಲೆ ಹೂವಿಟ್ಟು, ಕಾಯಿ ಒಡೆಯಲು ಕಲ್ಲು ಹುಡುಕತೊಡಗಿದಳು.

“ಕಾಯಿ ಒಡೀಬೇಡಿ ಅಜ್ಜಿ! ನೀರು ಬಿದ್ರೆ ಕೆಟ್ಟೋಗ್ತದೆ!” ಎಂದು ಹಾಲಸ್ವಾಮಿ ಓಡಿಬಂದ.

“ಒಡೆಯಲ್ಲ ಬುಡು ಮಗ. ನಮ್ಮ ಎಮ್ಮೆ ಯಾವಾಗ ಕರ ಹಾಕ್ತದೆ ಕೇಳು. ಕೋಣ ಬುಟ್ಟಿದ್ದು ಶಿವರಾತ್ರಿ ಮಾರನೇ ದಿನ.”

ಹಾಲಸ್ವಾಮಿ ತಾರೀಕು ಬರೆದು, ಅದಕ್ಕೆ ಮುನ್ನೂರ ಹತ್ತು ದಿನ ಸೇರಿಸು ಎಂದು ಸಾಲು ಬರೆದು ಕಂಡಿಯಲ್ಲಿ ಹಾಕಿದ. ಒಳಗೆ ಕರಟಗಳು ಕಟಕಟ ಎಂದವು. ಹೊರಗೆ ಇನ್ನೂರು ಜನ ಉಸಿರು ಹಿಡಿದರು. ಚೀಟಿ ಹೊರಬಂತು: ಸಂಕ್ರಾಂತಿ ಹಿಂದಿನ ದಿನ. “ಅಯ್ಯೋ ನನ್ನಪ್ಪ, ನಾನೂ ಹಂಗೇ ಎಣಿಸಿದ್ನಲ್ಲ!” ಎಂದು ಹುಚ್ಚಕ್ಕ ಕಂಪ್ಯೂಟರಿಗೆ ನೆಟಿಕೆ ಮುರಿದಳು. ಆಮೇಲೆ ನೂಕುನುಗ್ಗಲು. ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕಿದ್ದ ಒಬ್ಬ, ಬುಧವಾರದ ಹರಾಜಿನಲ್ಲಿ ಉಂಡೆ ಕೊಬ್ಬರಿ ಏನು ರೇಟು ಹೋಗುತ್ತದೆಂದು ಕೇಳಿದ. ‘ಅಂಕಿ ಕೊಟ್ಟಿಲ್ಲ’ ಎಂದು ಉತ್ತರ ಬಂತು. “ಗೊತ್ತದೆ, ಹೇಳ್ತಿಲ್ಲ. ಇದೂ ದಲ್ಲಾಳಿಗಳ ಕಡೇದೇ ಕಣ್ಲಾ” ಎಂದು ಅವನು ಪಕ್ಕದವನಿಗೆ ಹೇಳಿದ. ಪಕ್ಕದವನು ಒಪ್ಪಿದ.

ಅಷ್ಟರಲ್ಲಿ ಒಳಗಿನಿಂದ ಯಾರೋ ಕೆಮ್ಮಿದಂತಾಯಿತು. ಬಂದೋಬಸ್ತಿಗೆ ಬಂದಿದ್ದ ಪೊಲೀಸಪ್ಪ ಕಿವಿ ನಿಮಿರಿಸಿದ.

“ಏನ್ರೀ ಅದು, ಕೆಮ್ತಲ್ಲ?”

“ಧೂಳು ಸಾರ್” ಎಂದ ಹಾಲಸ್ವಾಮಿ. “ಕಂಪ್ಯೂಟರಿಗೆ ಧೂಳು ಆಗಲ್ಲ.”

ಪೊಲೀಸಪ್ಪ ಲಾಠಿ ಎತ್ತಿ, “ಏಯ್, ಯಾರೂ ಧೂಳೆಬ್ಬಿಸಬಾರ್ದು! ನಿಂತಲ್ಲೇ ನಿಂತ್ಕೊಳ್ಳಿ!” ಎಂದು ಗದರಿದ. ಹಾಗೆ ಗದರುತ್ತಾ ಅತ್ತಿತ್ತ ಓಡಾಡಿ ತಾನೇ ಒಂದಿಷ್ಟು ಧೂಳೆಬ್ಬಿಸಿದ. ಕಂಪ್ಯೂಟರ್ ಎರಡು ಸಲ ಸೀನಿತು.

ಹನ್ನೆರಡು ಗಂಟೆಗೆ ತೋಂಟದಾರ್ಯರು ಬಂದರು. ಹಿಂದೆ ಪಟ್ಟಿಯ ಉಳಿದ ಮೂವರೂ ಬಂದರು. ಶಿವಣ್ಣ, ಚಿಕ್ಕಣ್ಣ ಮುಖ ಬಿಗಿದುಕೊಂಡಿದ್ದರು. ಲಕ್ಷ್ಮಯ್ಯ ಎಂದಿನಂತೆ ಎಲ್ಲರ ಹಿಂದೆ ನಿಂತ. ಕಚೇರಿಯಲ್ಲಿ ಅವನು ಬಾಯಿ ಬಿಟ್ಟಿದ್ದನ್ನು ಕಂಡವರು ಕಡಿಮೆ. ಸಾಹೇಬರು ಚಪ್ಪಲಿ ಬಿಟ್ಟು, ರೇಡಿಯೋ ಕೋಣೆಗೆ ಒಂದು ಸುತ್ತು ಬಂದು, ಪಟ್ಟಿ ಕೊಟ್ಟರು.

“ನೋಡಿ, ದೂರದ ಊರಲ್ಲಿ ಯಾರು ಯಾರು ಎಷ್ಟು ವರ್ಷ ಕಳೆದಿದ್ದಾರೆ ಅಂತ ಬರೆದಿದೀನಿ. ಯಾರು ಹೋಗೋದು ನ್ಯಾಯ ಅಂತ ಕಂಪ್ಯೂಟರನ್ನೇ ಕೇಳಿ. ಅದರ ಭಾಷೆ ನಿಮಗೇ ಗೊತ್ತಲ್ಲ, ನೀವೇ ಬರೀರಿ.”

ಹಾಲಸ್ವಾಮಿ ಪಟ್ಟಿ ನೋಡಿದ. ಶಿವಣ್ಣ ಎರಡು. ಚಿಕ್ಕಣ್ಣ ಒಂದು. ಲಕ್ಷ್ಮಯ್ಯ ಮೂರು. ತನ್ನದು ಆರು! ಮೂರು ದಿನದ ಚಿಂತೆ ಒಂದೇ ಸಲಕ್ಕೆ ಇಳಿಯಿತು. ಎಲ್ಲಕ್ಕಿಂತ ಕಡಿಮೆ ವರ್ಷ ಕಳೆದವನು ಹೋಗಬೇಕು, ಇಷ್ಟೇ ಅಲ್ಲವೇ ನ್ಯಾಯ? ಮೋಸವೂ ಇಲ್ಲ, ಸುಳ್ಳೂ ಇಲ್ಲ. ದೂರದಲ್ಲಿ ನಿಂತಿದ್ದ ಪುಟ್ಟಗಂಗಮ್ಮನ ಕಡೆ ನೋಡಿ ಏನೂ ಭಯವಿಲ್ಲವೆಂದು ಕೈಸನ್ನೆ ಮಾಡಿದ. ಆಮೇಲೆ ಮಂಡಿಯ ಮೇಲೆ ಕಾಗದವಿಟ್ಟುಕೊಂಡು ಹನ್ನೊಂದು ಸಾಲನ್ನು ಸರಸರ ಬರೆದ. ಇನ್ನೂರು ಜನ ನೋಡುತ್ತಿದ್ದಾರೆ, ಸಾಹೇಬರು ಪಕ್ಕದಲ್ಲೇ ನಿಂತಿದ್ದಾರೆ. ಅವನ ಕೈಗೆ ಎಂದೂ ಇಲ್ಲದ ಓಟ ಬಂದಿತ್ತು. ಕಾಗದ ಕಂಡಿಯೊಳಗೆ ಹೋಯಿತು.

ಕರಟಗಳು ಕಟಕಟ ಎಂದವು. ಚಿಕ್ಕಣ್ಣ ಮನೆದೇವರನ್ನು ನೆನೆದ. ಚೀಟಿ ಹೊರಬಂತು. ತೋಂಟದಾರ್ಯರು ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು.

“ಹಾಲಸ್ವಾಮಿ.”

ಶಿವಣ್ಣ ಚಪ್ಪಾಳೆ ತಟ್ಟಿಬಿಟ್ಟ. ಪುಟ್ಟಗಂಗಮ್ಮನ ಕೈಯಲ್ಲಿದ್ದ ಸೌಟು ಚಿತ್ರಾನ್ನದೊಳಗೆ ಬಿತ್ತು. “ತಮ್ಮ ಕಂಪ್ಯೂಟರೇ ತಮ್ಮ ಹೆಸರು ಹೇಳಿದೆ. ಇದಕ್ಕಿಂತ ನ್ಯಾಯ ಇನ್ನೇನು ಬೇಕು?” ಎಂದು ಸಾಹೇಬರು ಪಟ್ಟಿ ವಾಪಸು ಇಸಿದುಕೊಂಡು ಜೇಬಿನಿಂದ ಪೆನ್ನು ತೆಗೆದರು. ಹಾಲಸ್ವಾಮಿಯ ಕಣ್ಣಿಗೆ ಪಾರ್ಕು, ಜನ, ತೆಂಗಿನ ಮರ ಎಲ್ಲ ಒಂದು ಸುತ್ತು ತಿರುಗಿದವು. ಅವನು ಹೋಗಿ ರೇಡಿಯೋ ಕೋಣೆಯ ಬಾಗಿಲನ್ನು ಎರಡೂ ಕೈಯಿಂದ ದಬದಬ ಬಡಿದ.

“ಲೇ ಬೆಟ್ಟಸ್ವಾಮಿ! ಚಿಕ್ಕದು ಹುಡುಕ್ಬೇಕಾಗಿತ್ತು ಕಣ್ಲಾ! ಚಿಕ್ಕದು!”

“ನೀನು ಬರ್ದಿರೋದು ದೊಡ್ಡದು ಹುಡುಕೋ ಪ್ರೋಗ್ರಾಂ ಕಣ್ಲಾ” ಎಂದು ಒಳಗಿನಿಂದ ಉತ್ತರ ಬಂತು. “ಆರನೇ ಸಾಲು ನೋಡ್ಕೋ.”

ಹಾಲಸ್ವಾಮಿಗೆ ನೋಡಿಕೊಳ್ಳುವ ಅಗತ್ಯ ಇರಲಿಲ್ಲ. ಒಂದು ವರ್ಷದಿಂದ ಸಂಘದಲ್ಲಿ ಬರೆದು ಬರೆದು ಕೈಗೆ ಕೂತಿದ್ದದ್ದು ಅದೊಂದೇ ಪ್ರೋಗ್ರಾಂ. ಅವಸರದಲ್ಲಿ ಕೈ ಅದನ್ನೇ ಬರೆದಿತ್ತು. ಕಂಪ್ಯೂಟರ್ ‘ಕಣ್ಲಾ’ ಎಂದದ್ದನ್ನು ಕೇಳಿ ಮುಂದೆ ನಿಂತಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಪೊಲೀಸಪ್ಪ ಬಾಗಿಲು ತಳ್ಳಿದ. ಬನಿಯನ್ ಮೈಯಲ್ಲಿ ಬೆವರು ಸುರಿಸುತ್ತಾ, ಸುತ್ತ ಇಪ್ಪತ್ತಾರು ಕರಟ ಇಟ್ಟುಕೊಂಡು, ಮಿಡ್ಲ್ ಸ್ಕೂಲಿನ ಗಣಿತದ ಮೇಷ್ಟ್ರು ಕೂತಿದ್ದರು. ಅವರು ಎದ್ದು ಸಾಹೇಬರಿಗೆ ನಮಸ್ಕಾರ ಮಾಡಿದರು.

ತೋಂಟದಾರ್ಯರ ಮುಖ ಕೆಂಪಾಯಿತು. “ಸರ್ಕಾರಿ ನೌಕರನಾಗಿ ಸಾರ್ವಜನಿಕರಿಗೆ ಮೋಸ! ಮೇಲಧಿಕಾರಿಗೆ ಮೋಸ! ಇದು ಕಂಪ್ಯೂಟರಾ? ಇದು ಮನುಷ್ಯ!”

ಜನವೂ ಗುಜುಗುಜು ಎನ್ನತೊಡಗಿತು. ಯಾರೋ ಚಪ್ಪಲಿಯ ರಾಶಿಯ ಕಡೆ ಹೊರಟರು, ಹಾಕಿಕೊಳ್ಳಲೋ ಎಸೆಯಲೋ ತಿಳಿಯಲಿಲ್ಲ. ಆಗ ಹುಚ್ಚಕ್ಕ ಮುಂದೆ ಬಂದಳು.

“ಮನುಷ್ಯನಾದ್ರೆ ವಾಸಿ ಬುಡ್ರಪ್ಪ. ನಾಳೆ ಎಮ್ಮೆ ಕರ ಹಾಕ್ದಿದ್ರೆ ಬೈಯೋಕೆ ಒಬ್ಬ ಸಿಕ್ದ. ಯಂತ್ರದ ಪೆಟ್ಟಿಗೆನ ಬೈದ್ರೆ ಅದಕ್ಕೇನು ನಾಚಿಕೆ ಆಯ್ತದಾ?”

ಜನ ಘೊಳ್ಳೆಂದು ನಕ್ಕರು. ನಗದವರು ಇಬ್ಬರೇ, ಹಾಲಸ್ವಾಮಿ ಮತ್ತು ಸಾಹೇಬರು. ಅಷ್ಟರಲ್ಲಿ ಪುಟ್ಟಗಂಗಮ್ಮ ಬಂದು ಸಾಹೇಬರ ಎದುರು ನಿಂತಿದ್ದಳು. ಅಧಿಕಾರಿಗಳ ಮುಂದೆ ಅವಳು ಮಾತಾಡಿದ್ದು ಅದೇ ಮೊದಲು.

“ಸರ್, ನಮ್ಮನೆಯವರು ಮಾಡಿದ್ದು ತಪ್ಪು. ಅದಕ್ಕೆ ಏನು ಶಿಕ್ಷೆ ಬೇಕಾದ್ರೂ ಕೊಡಿ. ಆದ್ರೆ ಆರು ವರ್ಷ ನಾವಿಬ್ರೂ ಬೇರೆ ಬೇರೆ ಊರಲ್ಲಿ ಇದ್ದೋರು. ಅದು ಗೊತ್ತಿದ್ದೂ ಕಳಿಸೋದಾದ್ರೆ, ಕಂಪ್ಯೂಟರ್ ಹೇಳ್ತು ಅನ್ಬೇಡಿ. ನನ್ನ ಮುಖ ನೋಡಿ ನೀವೇ ಹೇಳಿ.”

ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ತೋಂಟದಾರ್ಯರನ್ನು ಯಾರೂ ಹೀಗೆ ಕೇಳಿರಲಿಲ್ಲ. ಅವರು ಪುಟ್ಟಗಂಗಮ್ಮನ ಮುಖ ನೋಡಲಾರದೆ ಪಟ್ಟಿ ನೋಡಿದರು. ಪಟ್ಟಿ ನೋಡಲಾರದೆ ಗುಮಾಸ್ತರ ಕಡೆ ನೋಡಿದರು. “ಯಾರಾದ್ರೂ ಒಬ್ಬರು ಹೋಗಲೇಬೇಕಲ್ರಮ್ಮ. ಪಾವಗಡಕ್ಕೆ ಹೋಗ್ತೀನಿ ಅನ್ನೋರು ಯಾರಿದ್ದಾರೆ?” ಎಂದರು, ಸೋತ ದನಿಯಲ್ಲಿ.

“ನಾನಿದೀನಿ ಸಾರ್” ಎಂದಿತು ಹಿಂದಿನಿಂದ ಒಂದು ಸಣ್ಣ ದನಿ. ಲಕ್ಷ್ಮಯ್ಯ. “ನಮ್ಮೂರು ಪಾವಗಡದಿಂದ ಮೂರು ಮೈಲಿ. ನಮ್ಮಮ್ಮ, ಹೆಂಡ್ತಿ, ಮಕ್ಕಳು ಎಲ್ಲಾ ಅಲ್ಲೇ ಅವ್ರೆ. ನನಗೆ ದೂರದ ಊರು ಅಂದ್ರೆ ಇದೇ ಸಾರ್, ತಿಪಟೂರು.”

“ಅಲ್ರೀ, ಮೊದಲೇ ಯಾಕೆ ಹೇಳ್ಲಿಲ್ಲ?”

“ಐದು ಅರ್ಜಿ ಕೊಟ್ಟಿದೀನಿ ಸಾರ್. ನಿಮ್ಮ ಮೇಜಿನ ಬಲಗಡೆ ಕಟ್ಟಿನಲ್ಲವೆ.”

ಸಾಹೇಬರು ಪೆನ್ನನ್ನೂ ಪಟ್ಟಿಯನ್ನೂ ಜೇಬಿಗೆ ಸೇರಿಸಿದರು. ಕೊನೆಗೆ ಬೆಟ್ಟಸ್ವಾಮಿಯ ಕಡೆ ತಿರುಗಿ, “ಇದನ್ನ ನೀವಾದ್ರೂ ಹೇಳಬಾರ್ದಾಗಿತ್ತೇ?” ಎಂದರು.

“ಕರಟದೊಳಗೆ ಇರಲಿಲ್ಲ ಸಾರ್” ಎಂದ ಬೆಟ್ಟಸ್ವಾಮಿ.

ಎಲೆ ಹಾಕಿದರು. ಸಾಹೇಬರನ್ನು ನಡುವೆ ಕೂರಿಸಿದರು. ಹಾಲಸ್ವಾಮಿ ಚಿತ್ರಾನ್ನವನ್ನು ಎಲೆಯ ಅಂಚಿಗೆ ಸರಿಸುತ್ತಾ ಕೂತ. ಪಟ್ಟಿ ಇನ್ನೂ ಸಾಹೇಬರ ಜೇಬಿನಲ್ಲಿತ್ತು, ಅವರು ಇನ್ನೂ ಸಹಿ ಮಾಡಿರಲಿಲ್ಲ. ಎರಡು ಕಾಯೊಬ್ಬಟ್ಟು ಮುಗಿದ ಮೇಲೆ ಅವರು ಮೆಲ್ಲಗೆ ಬಾಯಿ ಬಿಟ್ಟರು.

“ಲಕ್ಷ್ಮಯ್ಯನ್ನ ಕಳಿಸ್ತೀನಿ, ಸರಿ. ನಾಳೆ ಯಾರಾದ್ರೂ ಫೋನು ಮಾಡಿ, ಇದನ್ನ ಯಾರು ತೀರ್ಮಾನ ಮಾಡಿದ್ದು ಅಂತ ಕೇಳಿದ್ರೆ ಏನು ಹೇಳೋದು?”

“‘ನಾನೇ ಮಾಡಿದೆ’ ಅನ್ನಿ ಸರ್” ಎಂದಳು ಪುಟ್ಟಗಂಗಮ್ಮ, ಇನ್ನೊಂದು ಒಬ್ಬಟ್ಟು ಬಡಿಸುತ್ತಾ.

“ನಾನೇ ಮಾಡಿದೆ” ಎಂದು ಸಾಹೇಬರು ಪಿಸುಗುಟ್ಟಿದರು. ಸುತ್ತ ನೋಡಿದರು. ಯಾರೂ ಬೈಯಲಿಲ್ಲ. “ನಾನೇ ಮಾಡಿದೆ” ಎಂದು ಸ್ವಲ್ಪ ಗಟ್ಟಿಯಾಗಿ ಅಂದರು. ಮೂರನೇ ಸಲ ಅಂದಾಗ ಅತ್ತ ಗುದ್ದಲಿ ಒಳಗಿಡುತ್ತಿದ್ದ ದುರ್ಗಯ್ಯ, “ನಾನೇನೂ ಕೇಳ್ಲಿಲ್ವಲ್ಲ ಸಾಮಿ” ಎಂದು ಗಾಬರಿಯಿಂದ ತಿರುಗಿ ನೋಡಿದ. ಸಾಹೇಬರು ಎಡಗೈಯಲ್ಲಿ ಪಟ್ಟಿ ತೆಗೆದು, ಎಂಜಲುಗೈಯನ್ನು ದೂರ ಹಿಡಿದುಕೊಂಡು, ಲಕ್ಷ್ಮಯ್ಯನ ಹೆಸರಿನ ಮುಂದೆ ಎಡಗೈಯಲ್ಲೇ ಗುರುತು ಹಾಕಿದರು. ಆ ಹೊಸ ದನಿ ಅವರಿಗೆ ಹಿಡಿಸಿಬಿಟ್ಟಿತ್ತು. ಅದೇ ದನಿಯಲ್ಲಿ ಹಾಲಸ್ವಾಮಿಯ ಕಡೆ ತಿರುಗಿದರು.

“ಹಾಲಸ್ವಾಮಿಯವರೇ, ನಿಮ್ಮನ್ನ ಇಲ್ಲೇ ಉಳಿಸಿದ್ದು ನಾನೇ. ಕಂಪ್ಯೂಟರ್ ಇದೆ ಅಂತ ಸುಳ್ಳು ಹೇಳಿದ್ದಕ್ಕೆ ನಿಮಗೆ ನೋಟಿಸ್ ಕೊಡೋನೂ ನಾನೇ. ನಾಳೆ ಹತ್ತೂವರೆಗೆ ಬಂದು ತಗೊಳ್ಳಿ.”

ಎಲ್ಲರ ಕೈ ಎಲೆಯ ಮೇಲೆ ನಿಂತಿತು. ಹಾಲಸ್ವಾಮಿ ನಾಲಿಗೆಯಿಂದ ತುಟಿ ಸವರಿಕೊಂಡ.

“ನೋಟಿಸು ತಿಪಟೂರಿನಲ್ಲೇ ತಾನೇ ಸರ್ ಕೊಡೋದು?”

“ಇನ್ನೆಲ್ಲಿ ಕೊಡ್ತಾರೆ? ತಿಪಟೂರಿನಲ್ಲೇ.”

“ಉತ್ತರ ಕೊಡೋದೂ ತಿಪಟೂರಿನಲ್ಲೇ?”

“ಹೌದ್ರೀ, ತಿಪಟೂರಿನಲ್ಲೇ!”

ಹಾಲಸ್ವಾಮಿ ಹೆಂಡತಿಯ ಮುಖ ನೋಡಿದ. ಆಮೇಲೆ ತಲೆ ತಗ್ಗಿಸಿ, ಗುರುವಾರದಿಂದ ಊಟವನ್ನೇ ಕಾಣದವನಂತೆ ಉಣ್ಣತೊಡಗಿದ.